ದೋಣಿಯವನಿಗೆ ಹೇಳಿದ ಮಾತು

ನನಗೆ ಜಪಾನಿ ಬರುತ್ತದೆ ಎಂದು ಧೈರ್ಯವಾಗಿ ಹೇಳಿಕೊಳ್ಳಬಲ್ಲ ಊರು ತಾಳವಾಡಿ ಒಂದೇ. ತಮಿಳುನಾಡಿಗೆ ಸೇರಿದ ಈ ಗಡಿಯೂರಿನಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ಎರಡನ್ನೂ ಕಲಸಿದ್ದು. ಮೂರನೆಯ ಭಾಷೆಯೊಂದು ಬರುತ್ತದೆ ಎಂದರೆ ಜನ “ಬರ್ಲಿ ಬುಡಿ ಸಾ” ಎಂದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಪರೀಕ್ಷಿಸುವವರಿಲ್ಲದ ಕಡೆ ವಿದ್ವಾಂಸನಾಗಿರುವುದು ಸುಖ. ಮಾತಾಡುವವರಿಲ್ಲದ ಕಡೆ ಆ ಸುಖ ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದು ಬೇರೆ ವಿಷಯ.

ಕಲಿತದ್ದು ಗುರುಗಳಿಂದಲ್ಲ, ಒಂದು ವಿಡಿಯೋ ಗೇಮಿನಿಂದ. ನಾನು ಮೇಷ್ಟರಾಗಿರುವ ಶಾಲೆಗೆ ಪುಸ್ತಕ ತರಲು ಕೊಯಮತ್ತೂರಿಗೆ ಹೋದಾಗ ಪಾದಚಾರಿ ಹಾದಿಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಹಳೆಯ ಯಂತ್ರವೊಂದು ಕಣ್ಣಿಗೆ ಬಿತ್ತು. ಎಲ್ಲ ಇಂಗ್ಲಿಷೇ ಎಂದು ಅಂಗಡಿಯವನು ತಮಿಳಿನಲ್ಲಿ ಪ್ರಮಾಣ ಮಾಡಿದ. ತಾಳವಾಡಿಯ ರೂಮಿಗೆ ಬಂದು ಎರಡು ಪೆನ್ಸಿಲ್ ಸೆಲ್ ಹಾಕಿದರೆ ಪರದೆಯ ತುಂಬ ಇರುವೆ ಸಾಲಿನಂಥ ಜಪಾನಿ ಅಕ್ಷರ. ಹಿಂದಿರುಗಿಸಲು ಮತ್ತೆ ಘಾಟಿ ಇಳಿಯಬೇಕು. ಅದಕ್ಕಿಂತ ಜಪಾನಿ ಕಲಿಯುವುದೇ ಸುಲಭ ಎಂದುಕೊಂಡೆ.

ಮೈಸೂರಿನಲ್ಲಿ ತತ್ತ್ವಶಾಸ್ತ್ರ ಎಂ.ಎ. ಮಾಡುವಾಗ ಹಳೆಯ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದ ಜಪಾನಿ-ಇಂಗ್ಲಿಷ್ ಕಿರುನಿಘಂಟೊಂದು ಟ್ರಂಕಿನಲ್ಲಿತ್ತು. ಯಾಕೆ ಕೊಂಡಿದ್ದೆನೋ ನೆನಪಿಲ್ಲ. ಅದರ ಕೊನೆಯ ಪುಟದಲ್ಲಿ ಅಕ್ಷರಮಾಲೆ. ನೋಡಿದರೆ ಅ, ಇ, ಉ, ಎ, ಒ. ಆಮೇಲೆ ಕ, ಕಿ, ಕು, ಕೆ, ಕೊ. ನಮ್ಮ ಕಾಗುಣಿತವೇ ಸ್ವಲ್ಪ ಬಡಕಲಾಗಿ ದೂರದ ನೆಂಟರ ಮನೆಯಲ್ಲಿ ಬೆಳೆದಂತಿತ್ತು. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ಹೋಯಿತೆಂದು ಎಲ್ಲೋ ಓದಿದ್ದೇನೆ. ಎಲ್ಲಿ ಓದಿದೆ ಎಂದು ಕೇಳಬೇಡಿ. ನನ್ನ ತಲೆಯಲ್ಲಿ ವಿಷಯಗಳು ಉಳಿಯುತ್ತವೆ, ಅವುಗಳ ವಿಳಾಸ ಉಳಿಯುವುದಿಲ್ಲ.

ಆ ಯಂತ್ರದ ಪರದೆಗೆ ಸ್ವಂತ ಬೆಳಕಿರಲಿಲ್ಲ. ಹಾಗಾಗಿ ನನ್ನ ಜಪಾನೆಲ್ಲ ಹಗಲಿನದೇ. ರಾಗಿ ಮಿಲ್ಲಿನ ಹಿಂದಿನ ನನ್ನ ರೂಮಿಗೆ ಒಂದೇ ಕಿಟಕಿ. ಶಾಲೆ ಬಿಟ್ಟ ಮೇಲೆ ಬಿಸಿಲು ಅಲ್ಲಿಂದ ಸರಿಯುವವರೆಗೆ ಯಂತ್ರವನ್ನು ವಾರೆ ಹಿಡಿದು ಕೂರುತ್ತಿದ್ದೆ. ಕಥೆ ಸರಳ. ಒಂದು ದ್ವೀಪ, ಏಳೆಂಟು ಮನೆ, ಒಬ್ಬ ಹುಡುಗ, ಅವನ ಅಜ್ಜಿ, ದಡದಲ್ಲಿ ಒಬ್ಬ ಮುದುಕ ದೋಣಿಯವ. ಹುಡುಗ ಎಂದರೆ ನಾನು. ಅಜ್ಜಿ ದಿನಾ ಕೇಳುತ್ತಿದ್ದದ್ದು ಒಂದೇ ಮಾತು: ಊಟ ಆಯ್ತಾ? ಅದನ್ನು ಬಿಡಿಸಲು ನನಗೆ ಎರಡು ಸಂಜೆ ಹಿಡಿದವು. ಬಿಡಿಸಿದ ದಿನ ಯಂತ್ರ ಕೆಳಗಿಟ್ಟೆ. ತಾಳವಾಡಿಗೆ ಬಂದ ಮೇಲೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಊಟ ಆಗಿರಲಿಲ್ಲ. ಆಯಿತು ಎಂದೇ ಒತ್ತಿದೆ.

ದ್ವೀಪದ ಕೆಲಸವೆಲ್ಲ ಮುಗಿದ ಮೇಲೆ ದೋಣಿಯವನ ಹತ್ತಿರ ಹೋಗಬೇಕು. ಅವನು “ಹೊರಡೋದಾ?” ಎನ್ನುತ್ತಾನೆ. ಉತ್ತರ ಎರಡು: ಮೇಲೆ ‘ಇಕು’, ಹೋಗುತ್ತೇನೆ, ಕೆಳಗೆ ‘ಮತ ಕುರು’, ಮತ್ತೆ ಬರುತ್ತೇನೆ. ಎರಡೂ ನನಗೆ ಗೊತ್ತಿದ್ದ ಮಾತುಗಳೇ. ಆದರೆ ನಮ್ಮ ಕಡೆ ಹಿರಿಯರ ಎದುರು ಹೋಗುತ್ತೇನೆ ಎಂದು ಯಾರಾದರೂ ಅನ್ನುತ್ತಾರೆಯೇ? ಸೊಪ್ಪು ತರಲು ಹೊರಟರೂ ಬತ್ತೀನಿ ಅನ್ನಬೇಕು. ಹೋಗುವುದು ಸಾಯುವವರ ಕೆಲಸ. ಮುದುಕನಿಗೆ ಮರ್ಯಾದೆಯಾಗಿ ‘ಮತ್ತೆ ಬರುತ್ತೇನೆ’ ಒತ್ತಿದೆ. ಅವನೂ ಅಷ್ಟೇ ಮರ್ಯಾದೆಯಿಂದ “ಕಾಯ್ತಿರ್ತೀನಿ” ಎಂದ. ದೋಣಿ ಕದಲಲಿಲ್ಲ. ನಾಳೆ ಬಿಡುತ್ತಾನೇನೋ ಎಂದುಕೊಂಡೆ. ಹೀಗೆ ನಾಲ್ಕು ತಿಂಗಳು ನಡೆಯಿತು. ಐದೂ ಇರಬಹುದು.

ನಗಬೇಡಿ. ನನ್ನ ಬೆರಳು ಮೇಲಿನ ಉತ್ತರಕ್ಕೆ ಹೋಗದಿದ್ದುದಕ್ಕೆ ಮರ್ಯಾದೆಯೊಂದೇ ಕಾರಣವಲ್ಲ.

ನಮ್ಮೂರು ಪಣಕಹಳ್ಳಿಯಲ್ಲಿ ನನ್ನನ್ನೂ ಅಕ್ಕನನ್ನೂ ಸಾಕಿದವಳು ಅಜ್ಜಿ. ಎಂ.ಎ. ಎರಡನೆಯ ವರ್ಷದ ರಜೆಗೆ ಬಂದಾಗ ನನ್ನ ತಲೆಯಲ್ಲಿ ಹೊಸ ಸಂದೇಹವಾದ ಕುದಿಯುತ್ತಿತ್ತು. ದೇವರನ್ನು ಮುಟ್ಟಲು ಭಯ, ಆದ್ದರಿಂದ ಅಜ್ಜಿಯ ಶಾಸ್ತ್ರಗಳನ್ನು ಹಿಡಿದೆ. ಹೊರಡುವ ಹಿಂದಿನ ಸಂಜೆ ಅವಳೊಂದಿಗೆ ವಾದ: “ಓಯ್ತೀನಿ ಅಂದ್ರೆ ಸತ್ತೋಯ್ತಾರಾ ಅಜ್ಜಿ?” ಅವಳು ಅವರೆಕಾಯಿ ಸುಲಿಯುತ್ತ, “ಅನ್ಬ್ಯಾಡ ಅಂದ್ರೆ ಅನ್ಬ್ಯಾಡ ಕಣ ಮಗ. ಅದ್ಕೇನ್ ಓದ್ಬೇಕಾ?” ಎಂದು ನಕ್ಕಳು. ಮರುದಿನ ಬೆಳಿಗ್ಗೆ ಹೊರಟೆ. ಹದಿನೈದು ದಿನಕ್ಕೆ ಅಜ್ಜಿ ತೀರಿಕೊಂಡಳು. ನಾನು ಬಂದು ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಆ ಬೆಳಿಗ್ಗೆ ಬಾಗಿಲಲ್ಲಿ ನಾನು ಏನು ಅಂದೆ? ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ಬತ್ತೀನಿ ಅಜ್ಜಿ ಎನ್ನುತ್ತೇನೆ. ಇನ್ನೊಂದರಲ್ಲಿ ವಾದ ಗೆಲ್ಲುವ ಹುಮ್ಮಸ್ಸಿನಲ್ಲಿ, ಬೇಕೆಂದೇ, ನಗುತ್ತ, ಓಯ್ತೀನಿ ಎನ್ನುತ್ತೇನೆ. ಎರಡೂ ಅಷ್ಟೇ ಸ್ಪಷ್ಟ; ಎರಡರಲ್ಲೂ ಅವಳ ಕೈಯಲ್ಲಿ ಮೊರ ಇದೆ. ಒಂದು ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ನನ್ನಿಂದ ಅವಳು ಕೇಳಿದ ಕೊನೆಯ ಮಾತು ಯಾವುದು ಎಂಬುದು ನಂಬಿಕೆಯ ಪ್ರಶ್ನೆಯಲ್ಲ. ಇಷ್ಟು ವರ್ಷ ಅಕ್ಕನನ್ನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಅಕ್ಕ ಮದುವೆಯಾಗಿ ಹತ್ತಿರದ ಗೆಟ್ಟವಾಡಿಯಲ್ಲಿದ್ದಾಳೆ. ಒಂದು ಭಾನುವಾರ ಮಧ್ಯಾಹ್ನ ಟಿಫನ್ ಕ್ಯಾರಿಯರಿನಲ್ಲಿ ಮುದ್ದೆ, ಸೊಪ್ಪಿನ ಸಾರು ತಂದಳು. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಯಂತ್ರ ಅವಳ ಕೈಯಲ್ಲಿತ್ತು.

“ಏನ್ಲಾ ಇದು, ಮುದ್ಕ ಏನೋ ಕೇಳ್ತಾವ್ನೆ?”

“ಮುಟ್ಬೇಡ ಅಕ್ಕ, ಇಡು.”

“ಒತ್ತ್‌ದೆ ಕಣ. ದೋಣಿ ಒಂಟೋಯ್ತು.”

ಕಿತ್ತುಕೊಂಡು ನೋಡಿದೆ. ದ್ವೀಪ ಚಿಕ್ಕದಾಗುತ್ತಿತ್ತು. ಅಕ್ಕ ಮೇಲಿನ ಉತ್ತರವನ್ನೇ ಒತ್ತಿದ್ದಳು. ಪರದೆಯ ಮೇಲೆ ಬರೀ ನೀರು, ಆಮೇಲೆ ಗುರುತಿಲ್ಲದ ದೊಡ್ಡ ಊರು. ಆಟ ಎಂದರೆ ಆ ದ್ವೀಪ ಅಷ್ಟೇ ಎಂದುಕೊಂಡಿದ್ದೆ, ಅದು ಮುನ್ನುಡಿಯಂತೆ. “ಏನ್ ಮಾಡ್ಬುಟ್ಟೆ ಅಕ್ಕ, ಅಜ್ಜಿ ಅಲ್ಲೇ ಉಳ್ಕಂಡ್ಲು” ಎಂದೆ.

“ಯಾವಜ್ಜಿ?”

ಹೇಳಬೇಕಾಯಿತು. ದೋಣಿಯವನ ಎರಡು ಉತ್ತರದಿಂದ ಶುರುವಾಗಿ ಆ ಎರಡು ನೆನಪಿನವರೆಗೆ ಎಲ್ಲವನ್ನೂ ಹೇಳಿದೆ. ನಾಲ್ಕು ತಿಂಗಳು ದಡದಲ್ಲೇ ನಿಂತಿದ್ದೆ ಎಂದಾಗ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ದೊಡ್ ಓದು ಓದವ್ನೆ ನನ್ ತಮ್ಮ.” ಉಳಿದದ್ದನ್ನು ಕೇಳಿದ ಮೇಲೆ ನಗು ನಿಂತಿತು.

“ನೀ ಎರ್ಡೂ ಅನ್ನಿಲ್ಲ ಕಣ್ಲಾ,” ಎಂದಳು. “ಬಸ್ಸು ಆರನ್ ಒಡೀತು, ಬ್ಯಾಗ್ ತಕಂಡು ಓಡ್ಬುಟ್ಟೆ. ತಿರ್ಗೂ ನೋಡ್ನಿಲ್ಲ. ನಾ ಅಲ್ಲೇ ನೀರ್ ಸೇದ್ತಿದ್ದೆ.”

“ಅಜ್ಜಿ?”

“ಬಾಕ್ಲಲ್ಲಿ ನಿಂತಿತ್ತು. ‘ಓಗ್ಬುಟ್ಟು ಬಾ’ ಅಂತು, ನಿನ್ ಬೆನ್ನಿಗೆ. ಆಮೇಲೆ ನನ್ ಕಡೆ ತಿರ್ಗಿ, ‘ಬತ್ತೀನಿ ಅಂದ್ಬುಟ್ಟು ಓದ ಕಣವ್ವ, ಜಂಬ ಎಲ್ಲ ಬಾಯ್ಲೇಯ’ ಅಂತು. ನೀ ಅಂದೇ ಇರ್ನಿಲ್ಲ. ಅಜ್ಜಿಗೆ ಅಂಗೇ ಕೇಳಿಸ್ತು.”

ಅಕ್ಕ ಕ್ಯಾರಿಯರ್ ಜೋಡಿಸಿ, ಬತ್ತೀನಿ ಎಂದು ಬಸ್ಸಿಗೆ ಹೋದಳು. ಹೊರಗೆ ಹೋಗಿ ನೋಡಿದೆ. ತಿರುವಿನಲ್ಲಿ ಬಸ್ಸು ಕಾಣದಾಗುವವರೆಗೆ ನಿಂತೆ.

ನನ್ನ ಸಂದೇಹವಾದ ಅಷ್ಟಕ್ಕೆ ಸುಮ್ಮನಾಗುವ ಜಾತಿಯದಲ್ಲ. ಅಕ್ಕನ ಮದುವೆಯಾದದ್ದು ಆ ವರ್ಷವೇ ಅಲ್ಲವೇ? ಆ ರಜೆಯಲ್ಲಿ ಅವಳು ಪಣಕಹಳ್ಳಿಯಲ್ಲಿ ಇದ್ದಳೇ, ಆಗಲೇ ಗೆಟ್ಟವಾಡಿಗೆ ಹೋಗಿದ್ದಳೇ? ಭಾವನನ್ನು ಕೇಳಿದರೆ ಗೊತ್ತಾಗುತ್ತದೆ. ಬುಧವಾರ ಸಂತೆಯಲ್ಲಿ ಸಿಕ್ಕಿದ್ದರು. ಟೊಮೇಟೊ ಬೆಲೆ ವಿಚಾರಿಸಿ ಬಂದೆ.

ದ್ವೀಪಕ್ಕೆ ಮರಳುವ ದಾರಿ ಹುಡುಕಲು ಒಂದು ವಾರ ಬೇಕಾಯಿತು. ಆ ಊರಿನ ಬಂದರಿನಲ್ಲೂ ದೋಣಿಯಿತ್ತು, ಅದೇ ಪ್ರಶ್ನೆಯಿತ್ತು. ಈ ಸಲ ‘ಹೋಗುತ್ತೇನೆ’ ಒತ್ತಿದೆ. ದ್ವೀಪದ ಮನೆಗೆ ಹೋದರೆ ಅಜ್ಜಿ ಊಟದ ಮಾತೆತ್ತಲಿಲ್ಲ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅನ್ನದ ಹೊಸ ಮಾತು: ‘ಒಕಾಎರಿ’. ನಿಘಂಟು ತೆಗೆದೆ. ಹೊರಗೆ ಹೋಗಿ ಮನೆಗೆ ಮರಳಿದವರಿಗೆ ಒಳಗಿದ್ದವರು ಹೇಳುವ ಮಾತಂತೆ. ಬರುತ್ತೇನೆ ಎಂದು ದಿನವೂ ಹೇಳಿ ದಡ ಬಿಡದವನಿಗೆ ಅವಳಾದರೂ ಅದನ್ನು ಹೇಗೆ ಹೇಳಿಯಾಳು?

ಈಗ ನಾನು ಆ ಊರಿಗೂ ದ್ವೀಪಕ್ಕೂ ಓಡಾಡುತ್ತಿರುತ್ತೇನೆ. ದೋಣಿಯವನ ಎದುರು ಬೆರಳು ಈಗಲೂ ಮೊದಲು ಕೆಳಗೇ ಇಳಿಯುತ್ತದೆ. ಮತ್ತೆ ಬರುತ್ತೇನೆ ಎನ್ನುತ್ತೇನೆ, ಅವನು ಕಾಯ್ತಿರ್ತೀನಿ ಎನ್ನುತ್ತಾನೆ. ಆಮೇಲೆ ಇನ್ನೊಮ್ಮೆ ಮಾತಾಡಿಸಿ, ಹೋಗುತ್ತೇನೆ ಎಂದು ಹೊರಡುತ್ತೇನೆ. ಮುಂದೆ ಎಂದಾದರೂ ಏನು ಹೇಳಿದೆ ಎಂಬ ಅನುಮಾನ ಬಂದರೆ, ಎರಡು ನೆನಪೂ ನಿಜವಾಗಿರಲಿ ಎಂದು.