ತಾಯಂದಿರಿಗೆ ಬೈಯುತ್ತಿದ್ದ ಭಾವ

ನಮ್ಮ ಭಾವ ಮಕ್ಕಳ ಡಾಕ್ಟರು. ಇಪ್ಪತ್ತು ವರ್ಷ ಸ್ವಂತ ಕ್ಲಿನಿಕ್ ನಡೆಸಿದವರು. ಮಗು ಕೈಗೆ ಬಂದರೆ ಬೆಣ್ಣೆಯಂತೆ ಕರಗುವ ಮನುಷ್ಯ, ಅದರ ತಾಯಿಯನ್ನು ಕಂಡರೆ ಮಾತ್ರ ಉರಿದು ಬೀಳುತ್ತಿದ್ದರು. "ಈಗ ಬಂದ್ರಾ? ಮೂರು ದಿನದಿಂದ ಏನು ಕಡಿದು ಗುಡ್ಡೆ ಹಾಕ್ತಿದ್ರಿ?" ಎಂದು ಒಳಗೆ ಶುರುವಾದರೆ, ಹೊರಗೆ ಬೆಂಚಿನ ಮೇಲೆ ಕೂತವರು ಕೂಡ ನೆಟ್ಟಗಾಗುತ್ತಿದ್ದರು.

ಅಕ್ಕನೂ ಅವರೂ ಊರು ಬಿಟ್ಟು, ನಾನಿರುವ ಈ ದೇಶಕ್ಕೆ ಬಂದಾಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಬೀಡು ಬಿಟ್ಟರು. ಅಕ್ಕ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಹಿಂದೆ ಎರಡು ವರ್ಷ ಹೊರದೇಶದಲ್ಲಿ ತರಬೇತಿ ಪಡೆದಿದ್ದಳು. ಆ ತರಬೇತಿಯನ್ನು ಇಲ್ಲಿನ ವೈದ್ಯ ಮಂಡಳಿ ಒಪ್ಪುತ್ತದೆ. ಹಾಗಾಗಿ ಅವಳಿಗೆ ಪರೀಕ್ಷೆಯಿಂದ ವಿನಾಯಿತಿ, ಬಂದ ತಿಂಗಳಲ್ಲೇ ಕೆಲಸ. ಆ ಎರಡು ವರ್ಷ ಮಗನನ್ನೂ ಕ್ಲಿನಿಕ್ಕನ್ನೂ ನೋಡಿಕೊಂಡು ಊರಲ್ಲೇ ಉಳಿದ ಭಾವನಿಗೆ ಮಾತ್ರ ಪರೀಕ್ಷೆ. ಇದೆಂಥ ನ್ಯಾಯ ಎಂದು ನನ್ನ ಹೊಟ್ಟೆ ಉರಿದುಹೋಯಿತು.

ಬರೆಯುವ ಪರೀಕ್ಷೆ ಅವರಿಗೆ ನೀರು ಕುಡಿದಷ್ಟು ಸುಲಭ. ಎಡವಿದ್ದು ಮಾತಿನ ಪರೀಕ್ಷೆಯಲ್ಲಿ. ಅಲ್ಲಿ ಒಬ್ಬ ನಟಿ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿಯಾಗಿ ಕೂತಿರುತ್ತಾಳೆ. ಡಾಕ್ಟರು ಅವಳ ಜೊತೆ ಹೇಗೆ ಮಾತಾಡುತ್ತಾರೆಂದು ನೋಡಿ ಪರೀಕ್ಷಕರು ಅಂಕ ಕೊಡುತ್ತಾರೆ. "ಮೂರು ದಿನದಿಂದ ಜ್ವರ" ಅಂದಳಂತೆ ಆ ನಟಿ. ಗೊಂಬೆಗೆ ಜ್ವರ ಬಂದಿದ್ದಕ್ಕೂ ಭಾವ ಕೆಂಡಾಮಂಡಲ! ಒಂದಲ್ಲ, ಎರಡು ಸಲ ಫೇಲಾದರು. "ನಿಮ್ಮಕ್ಕನ ಬಾಯೇನು ನನಗಿಂತ ಕಮ್ಮಿನಾ? ಅವಳ ರೋಗಿಗಳು ನಿದ್ದೇಲಿರ್ತಾರೆ, ದೂರು ಕೊಡೋರು ಯಾರು?" ಎಂದು ನಗಾಡಿದರು. ಆದರೆ ಉಳಿದಿದ್ದು ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ಇಲ್ಲಿ ಯಾವ ಮಗುವನ್ನೂ ಮುಟ್ಟಿ ನೋಡುವಂತಿರಲಿಲ್ಲ.

ಅಷ್ಟರಲ್ಲಿ ಮಂಡಳಿ ಹೊಸ ನಿಯಮ ತಂದಿತು. ಹದಿನೈದು ವರ್ಷಕ್ಕಿಂತ ಹೆಚ್ಚು ಅನುಭವವಿದ್ದವರು, ಒಂದು ವರ್ಷ ಹಿರಿಯ ವೈದ್ಯರ ಕಣ್ಣೆದುರು ಕೆಲಸ ಮಾಡುವುದಾದರೆ ಪರೀಕ್ಷೆ ಬೇಡ. ಭಾವ ಅರ್ಜಿ ಹಾಕಿ, ಇನ್ನು ಗೊಂಬೆ ನಾಟಕಕ್ಕೆ ದೊಡ್ಡ ನಮಸ್ಕಾರ ಎಂದರು. ಅಕ್ಕ ಬಿಡಬೇಕಲ್ಲ!

"ರೀ, ಅರ್ಜಿ ಹಾಕಿದ ತಕ್ಷಣ ಸಿಕ್ಕಿಬಿಡುತ್ತಾ? ದಿನಾ ಸಂಜೆ ಅಭ್ಯಾಸ ಮಾಡಿ. ಇವಳೇ ತಾಯಿ ಆಗ್ತಾಳೆ."

ನಾನು ಟವೆಲ್ಲನ್ನು ಮಗುವಿನಂತೆ ಸುತ್ತಿಕೊಂಡು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರು ಬೈಯುವುದು, ನಾನು ನಗುವುದು, ನಕ್ಕಿದ್ದಕ್ಕೆ ಇನ್ನಷ್ಟು ಬೈಸಿಕೊಳ್ಳುವುದು, ಇದೇ ಆಯಿತು. ಒಂದು ಸಂಜೆ ಮಾತ್ರ ಅದೇನನ್ನಿಸಿತೋ, ಕುರ್ಚಿ ಹತ್ತಿರ ಎಳೆದುಕೊಂಡು, ಟವೆಲ್ ಬಿಟ್ಟು ನನ್ನ ಮುಖ ನೋಡಿ ಮೆತ್ತಗೆ ಕೇಳಿದರು:

"ಇಷ್ಟು ತಡ ಯಾಕಾಯ್ತಮ್ಮಾ?"

ಮನೆಯಲ್ಲಿ ಯಾರೂ ಇರಲಿಲ್ಲ ಎನ್ನಬೇಕೆಂದುಕೊಂಡಿದ್ದೆ. ಬಾಯಿಂದ ಬಂದದ್ದೇ ಬೇರೆ.

"ನೀವು ಬೈತೀರಿ ಅಂತ, ಭಾವ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

"ನಾಟಕ ಅಲ್ಲ ಭಾವ. ನನ್ನ ಮಗಳಿಗೆ ಜ್ವರ ಬಂದಾಗ ಅವಳಿಗೆ ವರ್ಷ ಕೂಡ ತುಂಬಿರ್ಲಿಲ್ಲ. ನಿಮ್ಮ ಕ್ಲಿನಿಕ್ ಹಿಂದಿನ ಬೀದೀಲೇ ಇದ್ವಿ. ಮೊದಲ್ನೇ ದಿನ ಬಂದ್ರೆ ಇಷ್ಟಕ್ಕೇ ಓಡಿ ಬಂದ್ಯಾ ಅಂತೀರಿ, ಮಾರನೇ ದಿನ ಬಂದ್ರೆ ನಿನ್ನೆ ಏನ್ಮಾಡ್ತಿದ್ದೆ ಅಂತೀರಿ. ಅವಳನ್ನ ಎತ್ಕೊಂಡು ಬಾಗಿಲ ತನಕ ಬಂದು ವಾಪಸ್ ಹೋಗಿದ್ದೆ."

ಪುಣ್ಯಕ್ಕೆ ಮಗಳು ಹುಷಾರಾದಳು, ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಭಾವ ನನ್ನ ಮಡಿಲಿನ ಟವೆಲ್ ಕಡೆ ನೋಡುತ್ತ ಕೇಳಿದರು:

"ಬೇರೆಯವರೂ ಹಾಗೆ ವಾಪಸ್ ಹೋಗಿರಬಹುದಾ?"

"ನಾನು ನಿಮ್ಮ ನಾದಿನಿ. ನನಗೇ ಅಷ್ಟು ಭಯ ಇತ್ತು" ಎಂದೆ. ಅವರ ಮುಖ ನೋಡಿ, ಯಾಕಾದರೂ ಹೇಳಿದೆನೋ ಎಂದು ಸಂಕಟವಾಯಿತು.

ಮುಂದಿನ ವಾರ ವಿನಾಯಿತಿ ಬಂತು. ಅಕ್ಕ, ಯಾರ ಮುಂದೆಯೂ ಅಳದವಳು, ಗಂಡನ ಹೆಗಲಿಗೆ ಒರಗಿ ಅತ್ತಳು. ಸೋಮವಾರದಿಂದಲೇ ಕೆಲಸ. ನನಗೂ ಕುಣಿಯುವಷ್ಟು ಖುಷಿ. ಊಟ ಮುಗಿಸಿ ನಾನು ಬಟ್ಟೆ ಮಡಿಸುತ್ತಿದ್ದರೆ ಭಾವ ಕುರ್ಚಿ ತಂದು ಸ್ಟೂಲಿನ ಎದುರು ಹಾಕಿದರು.

"ಇನ್ನೆಲ್ಲಿ ಪರೀಕ್ಷೆ ಭಾವ? ಬಿಟ್ಟುಬಿಟ್ರಲ್ಲ!"

"ಅವರು ಬಿಟ್ರು. ನೀನು ಬಿಡಬೇಡ ಕಣಮ್ಮಾ. ಸೋಮವಾರ ಬರೋ ತಾಯಂದಿರು ನಟಿಯರಲ್ಲ." ಸ್ವಲ್ಪ ತಡೆದು, "ಇಲ್ಲಿ ಕೂರಬೇಡ. ಹೊರಗಿಂದ ಬಾ" ಅಂದರು.

ಟವೆಲ್ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಐವತ್ತು ದಾಟಿದ ಮನುಷ್ಯನ ಜೊತೆ ಇದೇನು ಮಕ್ಕಳಾಟ ಎಂದು ನನ್ನಷ್ಟಕ್ಕೇ ನಗು ಬಂತು. ಬಡಿಯಲು ಕೈ ಎತ್ತಿದೆ. ಅಷ್ಟರಲ್ಲಿ ಅವರೇ ಎದ್ದು ಬಂದು ಬಾಗಿಲು ತೆರೆದರು.

"ಬಾರಮ್ಮಾ, ಒಳಗೆ ಬಾ. ಬಂದಿದ್ದು ಒಳ್ಳೇದಾಯ್ತು" ಅಂದರು.

ನಾನು ಖಾಲಿ ಟವೆಲ್ಲನ್ನು ಎದೆಗೆ ಒತ್ತಿಕೊಂಡು, ಹೊಸಿಲ ಮೇಲೆ ನಿಂತು ಅತ್ತುಬಿಟ್ಟೆ.