ಬಿಟ್ಟ ಮನೆಯ ಬಾಡಿಗೆ

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ನಾವು ಖಾನಾವಳಿ ನಡೆಸುತ್ತಿದ್ದ ಮನೆ ಒಬ್ಬ ಕಾಳಿನ ವ್ಯಾಪಾರದ ಸಾವಕಾರನದು. ಮುಂದಿನ ಪಡಸಾಲೆಯಲ್ಲಿ ಊಟದ ಸಾಲು, ಹಿಂದೆ ಒಲೆ, ಅದರ ಪಕ್ಕದ ಕೋಣೆಯಲ್ಲಿ ನಾನೂ ನಮ್ಮ ಯಜಮಾನರೂ. ಆಗಿನ್ನೂ ನಮ್ಮ ಊರುಗಳು ಮದ್ರಾಸಿಗೆ ಸೇರಿದ್ದವು. ಮೂರು ವರ್ಷಕ್ಕೆಂದು ಕರಾರು ಪತ್ರ ಬರೆಸುವಾಗ ಸಾವಕಾರನ ಗುಮಾಸ್ತ ಷರತ್ತುಗಳನ್ನು ಓದಿದ್ದ. ನಡುವೆ ಮನೆ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೂ ಕೊಡಬೇಕು. ಐದನೇ ತಾರೀಖು ದಾಟಿದರೆ ದಿನಕ್ಕೆ ಒಂದಾಣೆ ದಂಡ. ನಮ್ಮವರು "ಆಗ್ಲಿ ಬಿಡ್ರಿ" ಎಂದು ಸಹಿ ಹಾಕಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನನಗೂ ಅದು ದೊಡ್ಡದು ಎನ್ನಿಸಲಿಲ್ಲ.

ಒಂದು ವರ್ಷ ಕಳೆದ ಮೇಲೆ ನನಗೆ ಐದು ತಿಂಗಳ ಬಸಿರು ಇಳಿದುಹೋಯಿತು. ವಾರವಿಡೀ ಒಲೆ ಹಚ್ಚಲಿಲ್ಲ. ಬಾಡಿಗೆ ಎಂಟು ದಿನ ತಡವಾಯಿತು. ಅಂತೂ ಹೊಂದಿಸಿ ಕೊಟ್ಟ ಮರುದಿನ, ಸರಿಯಾಗಿ ಊಟದ ಹೊತ್ತಿಗೆ ಸಾವಕಾರ ಬಂದ.

"ದಂಡದ ಎಂಟಾಣಿ ಯಾವನು ಕೊಡ್ತಾನಲೇ?"

"ಮನ್ಯಾಗ ಹೆಣ್ಮಗಳ ಜೀವಕ್ಕ ಬಂದಿತ್ರಿ, ಸಾವಕಾರ್ರ..." ಎಂದರು ನಮ್ಮವರು.

ಮಾತು ಮುಗಿಯುವ ಮುಂಚೆ ಕಪಾಳಕ್ಕೆ ಬಿತ್ತು. ಇನ್ನೊಂದು ಕಪಾಳಕ್ಕೂ ಬಿತ್ತು. ಕೈಯಲ್ಲಿದ್ದ ಅನ್ನದ ತಟ್ಟೆ ನೆಲಕ್ಕೆ ಬಿದ್ದು ಅನ್ನ ಚೆಲ್ಲಿತು. ಎಲೆಯ ಮುಂದೆ ಕೂತಿದ್ದ ಎಂಟು ಹತ್ತು ಮಂದಿಯಲ್ಲಿ ಒಬ್ಬರೂ ಏಳಲಿಲ್ಲ. ಒಬ್ಬ ಮಾತ್ರ ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಲೇ ಇದ್ದ.

"ಈ ಮನಿ ಬ್ಯಾಡ್ರಿ" ಎಂದೆ ನಾನು ಅವತ್ತೇ ಸಂಜೆ. ನಡೆಯುತ್ತಿದ್ದ ತಿಂಗಳ ಬಾಡಿಗೆಯನ್ನೂ ಪೂರ್ತಿ ಕೊಟ್ಟೆವು, ದಂಡವನ್ನೂ ಕೊಟ್ಟೆವು. ಗೋಡೆಗೆ ಸುಣ್ಣ ಬಳಿದು ಬೀಗದ ಕೈ ಒಪ್ಪಿಸಲು ಅಂಗಡಿಗೆ ಹೋದೆವು. ಸಾವಕಾರ ಬೀಗದ ಕೈ ತೆಗೆದುಕೊಂಡು ನಮ್ಮವರ ಮುಖಕ್ಕೆ ಎಸೆದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

"ಮೂರು ವರ್ಸ ಅಂದ್ರ ಮೂರು ವರ್ಸ. ನೀವು ಮನಿ ಬಿಟ್ರೂ ನಾ ಬಾಡಿಗಿ ಬಿಡಾಂಗಿಲ್ಲ."

ಬೀಗದ ಕೈಯನ್ನು ಅವನ ಅಂಗಡಿಯ ಕಟ್ಟೆಯ ಮೇಲಿಟ್ಟು ಬಂದೆವು.

ನನ್ನ ಅಣ್ಣ ಕಂಪ್ಲಿಯಲ್ಲಿದ್ದ. ಹರಗೋಲಿನಲ್ಲಿ ಹೊಳೆ ದಾಟಿಸುವ ಕಡೆಗೆ ಹೋಗುವ ದಾರಿಯಲ್ಲೇ ಎರಡು ಕೋಣೆ ಹುಡುಕಿ ಕೊಟ್ಟ. ಹೊಳೆ ದಾಟುವವರು, ಕಬ್ಬಿನ ಬಂಡಿಯವರು ಊಟಕ್ಕೆ ಬರತೊಡಗಿದರು. ಐದು ತಿಂಗಳು ಯಾರೂ ನಮ್ಮನ್ನು ಕೇಳಲಿಲ್ಲ.

ಆರನೆಯ ತಿಂಗಳು ಒಂದು ಮಧ್ಯಾಹ್ನ ಬಾಗಿಲ ಮುಂದೆ ಬಂಡಿ ನಿಂತಿತು. ಸಾವಕಾರ ಇಳಿದ, ಜೊತೆಗೆ ಇಬ್ಬರು ಆಳುಗಳು. ಬಿಟ್ಟ ಮನೆಯ ಐದು ತಿಂಗಳ ಬಾಡಿಗೆ, ಅಷ್ಟೂ ದಿನದ ದಂಡ ಈಗಲೇ ಕೊಡಬೇಕು, ಇಲ್ಲವಾದರೆ ಪಾತ್ರೆಗಳನ್ನು ಹೊತ್ತೊಯ್ಯುತ್ತೇನೆ ಎಂದ. ಉತ್ತರಕ್ಕೆ ಕಾಯಲೂ ಇಲ್ಲ. ಒಬ್ಬ ಆಳು ಅನ್ನದ ಹಂಡೆಯನ್ನು ಒದ್ದ. ಇನ್ನೊಬ್ಬ ಹಿತ್ತಾಳೆ ಕೊಡಗಳನ್ನು ಬಂಡಿಗೆ ಎಸೆಯತೊಡಗಿದ. ನಮ್ಮವರು ಒಂದು ಕೊಡವನ್ನು ಅವುಚಿ ಹಿಡಿದರು. ಸಾವಕಾರ ಬಂಡಿಯ ಗೂಟ ಕಿತ್ತು ಅವರ ಬೆನ್ನಿಗೆ ಹೊಡೆದ. ಬಿದ್ದರು. ಬಿದ್ದರೂ ಕೊಡ ಬಿಡಲಿಲ್ಲ. ಆಗ ಆ ಮೊದಲನೆಯ ಆಳು ಅವರ ಬಲಗೈಯನ್ನು ಹಿಮ್ಮಡಿಯಿಂದ ತುಳಿದು ತಿರುಚಿದ. ಬೆರಳು ಮುರಿದ ಸದ್ದು ನನಗೆ ಒಲೆಯ ಹತ್ತಿರಕ್ಕೂ ಕೇಳಿಸಿತು.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸೆರಗಿನಿಂದ ಪಾತ್ರೆಯನ್ನು ಹಿಡಿದು ಎತ್ತಿದೆ, ನಾಲ್ಕು ಹೆಜ್ಜೆ ನಡೆದೆ, ಬೀಸಿ ಎರಚಿದೆ.

ಅದು ಬಿದ್ದದ್ದು ಸಾವಕಾರನ ಮೇಲಲ್ಲ, ಕೈ ತುಳಿಯುತ್ತಿದ್ದ ಆಳಿನ ಮೇಲೆ. ಕುತ್ತಿಗೆ, ಎದೆ, ಒಂದು ಕಿವಿ. ಅವನು ಅರಚುತ್ತ ಹೊಳೆಯ ಕಡೆಗೆ ಓಡಿದ. ಸಾವಕಾರನೂ ಇನ್ನೊಬ್ಬ ಆಳೂ ಬಂಡಿಯನ್ನೂ ಬಿಟ್ಟು ಓಡಿಹೋದರು. ನನ್ನ ಅಂಗೈಗಳೂ ಸುಟ್ಟಿದ್ದವು. ಅದು ಗೊತ್ತಾದದ್ದು ಬಹಳ ಹೊತ್ತಿನ ಮೇಲೆ.

ಪೊಲೀಸರು ಬಂದರು, ಎರಡೂ ಕಡೆಯವರ ಮೇಲೆ ಕೇಸಾಯಿತು. ಸಾವಕಾರ ಬಾಡಿಗೆಗೆಂದು ಬೇರೆ ದಾವೆಯನ್ನೂ ಹಾಕಿದ. ಅಣ್ಣ ನಮ್ಮಿಬ್ಬರನ್ನೂ ಹೊಸಪೇಟೆಯ ಒಬ್ಬ ವಕೀಲರ ಹತ್ತಿರ ಕರೆದೊಯ್ದ. ವಕೀಲರು ಕರಾರು ಪತ್ರ ಓದಿ ಮೊದಲು ಕೇಳಿದ್ದು ಒಂದೇ ಮಾತು:

"ಆ ಮನ್ಯಾಗ ಈಗ ಯಾರದಾರ?"

"ಟೇಲರ್ ಒಬ್ಬ ಬಂದು ಮೂರು ತಿಂಗಳಾತ್ರಿ" ಎಂದ ಅಣ್ಣ.

"ಹಂಗಾರ ಅವ ಬಂದ ದಿನಕ್ಕ ನಿಮ್ಮ ಬಾಡಿಗಿ ನಿಂತುಹೋತು. ಒಂದ ಮನಿಗೆ ಇಬ್ಬರ ಕಡೆಯಿಂದ ತಗೊಳ್ಳಾಕ ಬರಾಂಗಿಲ್ಲ. ಆದ್ರ ನಡುವ ಎರಡು ತಿಂಗಳು ಮನಿ ಖಾಲಿ ಬಿದ್ದಿತ್ತಲ್ಲ, ಅದು ನಿಮ್ಮ ಮ್ಯಾಲೈತಿ."

"ಅವ ಹೊಡದಿದ್ದಕ್ಕ ನಾವು ಬಿಟ್ಟಿವಲ್ರಿ?" ಎಂದೆ.

"ಹೊಡತಕ್ಕ ಬ್ಯಾರೆ ಕೇಸು, ಬಾಡಿಗಿಗೆ ಬ್ಯಾರೆ ಕೇಸು, ತಾಯಿ. ಏಟು ತಿಂದೀರಿ ಅಂತ ಬಾಡಿಗಿ ಮಾಫ್ ಆಗಾಂಗಿಲ್ಲ."

ತೀರ್ಪೂ ಹಾಗೆಯೇ ಬಂತು. ಎರಡು ತಿಂಗಳ ಬಾಡಿಗೆ ಕೊಡಬೇಕಾಯಿತು. ದಿನದ ದಂಡ ಅತಿಯಾಯಿತೆಂದು ಮುನಸೀಫರು ಅದನ್ನು ಬಹುಪಾಲು ಕಡಿಮೆ ಮಾಡಿದರು. ಹೊಡೆದಾಟದ ಕೇಸಿನಲ್ಲಿ ಸಾವಕಾರನಿಗೆ ಜುಲ್ಮಾನೆ ಬಿತ್ತು. ನನಗೆ ಬೀಳಲಿಲ್ಲ. ಸುಟ್ಟುಕೊಂಡ ಆಳು ಕಟಕಟೆಯಲ್ಲಿ ನಿಂತು, "ಜಗಳದಾಗ ಪಾತ್ರಿ ಉಳ್ಳಿ ಬಿತ್ರಿ" ಎಂದುಬಿಟ್ಟಿದ್ದ.

ಪಾತ್ರೆ ಉರುಳಿರಲಿಲ್ಲ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ತಡೆಯಲಾರದೆ ಮರುದಿನ ಅಣ್ಣನ ಜೊತೆ ಅವನ ಗುಡಿಸಲಿಗೆ ಹೋದೆ. ಕುತ್ತಿಗೆಯ ಚರ್ಮ ಎಳೆದುಕೊಂಡು ತಲೆ ಒಂದು ಕಡೆಗೆ ವಾಲಿತ್ತು. ಅವನ ಹೆಂಡತಿ ನನ್ನನ್ನು ನೋಡಿದವಳೇ ಕೈಗೆ ಸಿಕ್ಕ ಸೌದೆ ಎಸೆದಳು. ಅದು ನನ್ನ ಮೊಣಕಾಲಿಗೆ ಬಡಿಯಿತು.

"ಯಾಕ ಸುಳ್ಳು ಹೇಳಿದ್ಯಪ್ಪಾ?" ಎಂದು ಕೇಳಿದೆ.

"ಖರೇ ಹೇಳಿದ್ರ ನಾ ಕೈ ತುಳದದ್ದೂ ಹೇಳಬೇಕಾಗ್ತಿತ್ತು. ನಿನ್ನ ಸಲುವಾಗಿ ಅಲ್ಲ. ಹೋಗವ್ವಾ."

ಒಯ್ದಿದ್ದ ಅಕ್ಕಿಯ ಚೀಲವನ್ನು ಅವರು ಮುಟ್ಟಲಿಲ್ಲ. ಹೊಸ್ತಿಲ ಹೊರಗೆ ಇಟ್ಟು ಬಂದೆ.

ನಮ್ಮವರ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಸೌಟು ಹಿಡಿಯಲು ಬಾರದ ಸಿಟ್ಟು ಅವರಿಗೆ ಎಲ್ಲದರ ಮೇಲೂ ಇತ್ತು. ಒಂದು ದಿನ ಅನ್ನ ಸೀದದ್ದಕ್ಕೆ ಎಡಗೈ ಎತ್ತಿ ನನ್ನ ಮೇಲೆ ಬಂದರು. ನಾನು ಒಲೆಯ ಮುಂದಿದ್ದೆ, ಅಲುಗಲಿಲ್ಲ. ಅವರ ಕಣ್ಣು ನನ್ನ ಮುಖದಿಂದ ಕುದಿಯುವ ಪಾತ್ರೆಗೆ ಹೋಯಿತು. ಎತ್ತಿದ ಕೈ ಇಳಿಯಿತು. ಮತ್ತೆಂದೂ ಏಳಲಿಲ್ಲ. ನಮ್ಮ ಓಣಿಯ ಹೆಂಗಸರು ಒಳ್ಳೆಯ ಗಂಡ ಎನ್ನುತ್ತಿದ್ದರು.

ಅವರು ನನಗೆ ಹೆದರುತ್ತಿದ್ದರು. ಒಲೆ ಉರಿಯುವಾಗ ಅಡಿಗೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ನಾನು ಸಾರು ಇಳಿಸಿ, ಪೂರ್ತಿ ಆರಿದ ಮೇಲೆಯೇ ಅವರನ್ನು ಊಟಕ್ಕೆ ಕರೆಯುತ್ತಿದ್ದೆ.