ಯಾರೂ ಇಳೀಬ್ಯಾಡ್ರಿ

ನಮ್ಮ ಬಾಜೂ ಮನಿ ಅಕ್ಕೋರು ಶಹಾಪುರದ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮ ಜೀಪು ಏರಿದರೆಂದರೆ ಅವರದು ಒಂದೇ ಮಾತು: "ಯಾರೂ ಇಳೀಬ್ಯಾಡ್ರಿ." ನಮ್ಮ ಕಡೆ ಎರೆಮಣ್ಣಿನಲ್ಲಿ ಗಾಡಿ ಹೂತರೆ ಗಂಡಸರೆಲ್ಲ ಧೋತರ ಎತ್ತಿಕೊಂಡು ಇಳಿದು ನೂಕುವುದು ರೂಢಿ. ಅಕ್ಕೋರಿಗೆ ಅದು ತಮ್ಮ ಜೀಪಿಗೆ ಮಾಡಿದ ಅವಮಾನ.

ನನ್ನ ಮದುವೆಗೆ ಸುರಪುರಕ್ಕೆ ಹೊರಟದ್ದೂ ಅದೇ ಜೀಪಿನಲ್ಲಿ. ಕಾಲುವೆ ದಂಡೆಯ ಮೇಲೆ ಮಂಜು. ನಮ್ಮ ಉಸಿರಿಗೆ ಗಾಜು ಒಳಗೂ ಮಸುಕಾಯಿತು. ಅಕ್ಕೋರು ಬಿಸಿಗಾಳಿಯನ್ನು ಗಾಜಿಗೆ ತಿರುಗಿಸಿ ಎಸಿಯನ್ನೂ ಹಚ್ಚಿದರು.

"ಇಷ್ಟು ಚಳಿಯಾಗ ಎಸಿ ಯಾಕ್ರಿ?" ಎಂದ ನನ್ನ ಸೋದರಮಾವ.

"ಗಾಜು ಒಣಗಾಕ್ರಿ."

ಗಾಜು ತಿಳಿಯಾಯಿತು. ಆದರೆ ಮುಂದೆ ಕಾಲುವೆ ನೀರು ಬಸಿದು ದಾರಿಯೆಲ್ಲ ರಾಡಿ. ಗಾಲಿ ನಿಂತಲ್ಲೇ ತಿರುಗಿತು. ಮುಹೂರ್ತ ಹತ್ತಿರ ಬಂದಿತ್ತು. ಮಾವ ಧೋತರ ಎತ್ತಿ ಬಾಗಿಲಿಗೆ ಕೈ ಹಾಕಿದ. ಬಾಸಿಂಗ ಕಟ್ಟಿದ್ದ ನಾನೂ ಎದ್ದೆ.

"ಯಾರೂ ಇಳೀಬ್ಯಾಡ್ರಿ!"

ಅಕ್ಕೋರು ಗೇರಿನ ಪಕ್ಕದ ಸಣ್ಣ ಲಿವರ್ ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟರು. ಹೊಂಡದಿಂದ ಎದ್ದ ಎಮ್ಮೆಯಂತೆ ಜೀಪು ಮೆಲ್ಲಗೆ ಮೇಲೆ ಬಂತು. ನಾವೆಲ್ಲ ಹೋ ಎಂದು ಕೂಗಿದೆವು.

ಸುರಪುರದಲ್ಲಿ ಮದುವೆ ಹಂದರದ ಮುಂದೆ ಜೀಪು ನಿಂತು ಬಾಜಾ ಶುರುವಾದರೂ ಒಬ್ಬರೂ ಸೀಟು ಬಿಟ್ಟು ಕದಲಲಿಲ್ಲ. ಅಕ್ಕೋರು ಕನ್ನಡಿಯಲ್ಲಿ ನನ್ನ ನೋಡಿದರು.

"ಇನ್ನ ಇಳಿಯೋ. ತಾಳಿ ನೀನಽ ಕಟ್ಟಬೇಕು."